ಎರವಲು ತಂದದ್ದು ನಮ್ಮದಾಗುವುದು ಎಂದಿಗೆ?

ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಕಲ್ಕತ್ತೆಯ ಪಾಡಾಗಳ ಗೋಡೆಗಳೇ ಬಣ್ಣ ಬದಲಿಸುತ್ತವೆಂಬುದು ಇಲ್ಲಿಯ ಕನ್ನಡ ಬಾಂಧವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಒಂದು ಗಲ್ಲಿ ಬ್ರೆಜಿಲ್‌ನ ಹಳದಿ-ಹಸಿರಾದರೆ, ಮುಂದಿನದು ಅರ್ಜೆಂಟೀನದ ತಿಳಿನೀಲಿ. 2022ರ ನವೆಂಬರಿನಲ್ಲಿ ನಮ್ಮ ಮನೆಯ ಬಾಲ್ಕನಿಗೂ ಬ್ರೆಜಿಲ್ ಬಾವುಟ ಏರಿತು. "ಅಪ್ಪಾ, ನಾವು ಬ್ರೆಜಿಲ್" ಎಂದ ಮಗ. ಅದೇ ತಿಂಗಳು ಸಂಘದ ರಾಜ್ಯೋತ್ಸವಕ್ಕೆ ಬಾರೋ ಎಂದರೆ ಟ್ಯೂಷನ್ನಿನ ನೆಪ ಹೇಳಿದ್ದ ಹುಡುಗ! ನಮಗೆ ರೇಗಿತು. ಹುಟ್ಟಿನಿಂದ ಬಂದದ್ದು ಬೇಡ, ಏಳು ಸಮುದ್ರದಾಚೆಯದು ಬೇಕೋ ಎಂದು ಕೂಗಾಡಿ ಬಾವುಟ ಬಿಚ್ಚಿಸಿದೆವು. ಮೂರು ದಿನ ಅವನು ನಮ್ಮೊಡನೆ ಮಾತಾಡಲಿಲ್ಲ.

ಆ ಮೂರು ದಿನವೂ ಕಚೇರಿಯಲ್ಲಿ ಕಡತದ ಮೇಲೆ ಮನಸ್ಸು ನಿಲ್ಲಲಿಲ್ಲ. ಬಿಬಿಡಿ ಬಾಗಿನಿಂದ ಈಡನ್ ಗಾರ್ಡನ್ಸ್ ನಡೆದುಹೋಗುವಷ್ಟೇ ದೂರ. 1977ರ ಸೆಪ್ಟೆಂಬರ್ 24ರಂದು ಪೆಲೆ ಅಲ್ಲಿ ಕಾಸ್ಮಾಸ್ ತಂಡದ ಪರವಾಗಿ ಮೋಹನ್ ಬಾಗಾನಿನ ಎದುರು ಆಡಿದ್ದು, ಪಂದ್ಯ 2-2ರಲ್ಲಿ ಮುಗಿದದ್ದು, ಇವನ್ನು ಹಿರಿಯ ಬಂಗಾಳಿ ಸಹೋದ್ಯೋಗಿಗಳು ಮನೆಯ ಮದುವೆಯೆಂಬಂತೆ ಹೇಳುತ್ತಾರೆ. ಅವರಿಗೆ ಬ್ರೆಜಿಲ್ ಪರದೇಶವೇ ಅಲ್ಲ. ಹಾಗಾದರೆ ಎರವಲು ಪಡೆದವನು ಸಾಲಗಾರನೋ, ಒಡೆಯನೋ?

ಮಧ್ಯಾಹ್ನ ಲಾಲ್‌ದಿಘಿಯ ಬದಿಯ ಕಾಲುದಾರಿಯಲ್ಲಿ ಹೆಚ್ಚಿದ ಹಣ್ಣು ಕೊಂಡೆವು. ದೊನ್ನೆಯಲ್ಲಿ ಅನಾನಸ್ ಇತ್ತು, ಪರಂಗಿ ಇತ್ತು. ಬಿ.ಎಸ್‌ಸಿ.ಯಲ್ಲಿ ಓದಿದ ಸಸ್ಯಶಾಸ್ತ್ರ ಆಗ ನೆನಪಾಯಿತು. (ಗುಮಾಸ್ತಿಕೆಗೆ ಅದು ಇನ್ನಾವ ಉಪಯೋಗಕ್ಕೂ ಬಂದಿಲ್ಲ.) ಅನಾನಸ್ಸಿನ ತವರು ದಕ್ಷಿಣ ಅಮೆರಿಕ. ಕರಾವಳಿಯ ನಮ್ಮ ಗೇರುಮರ ಈಶಾನ್ಯ ಬ್ರೆಜಿಲ್‌ನದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. 'ಕಾಜು' ಎಂಬ ಮಾತೂ ಅಲ್ಲಿಯ ಮೂಲನಿವಾಸಿ ಟುಪಿ ಜನರ ನಾಲಗೆಯಿಂದ ಪೋರ್ಚುಗೀಸರ ಬಾಯಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂತು. ಗೋಡಂಬಿಯಿಲ್ಲದ ಪಾಯಸ ನಮಗೆ ಸೇರದು. ಟುಪಿ ಜನರ ಹೆಸರನ್ನಾದರೂ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಪರಂಗಿ ಹಣ್ಣಿನ ವಿಷಯದಲ್ಲಿ ಮಾತ್ರ ಕನ್ನಡ ಪ್ರಾಮಾಣಿಕ: ಪರಂಗಿಯವನು ತಂದದ್ದೆಂದು ಹೆಸರಲ್ಲೇ ಒಪ್ಪಿಕೊಂಡಿದೆ.

ಬ್ರೆಜಿಲ್ ತನ್ನದೆಂದು ಜಗತ್ತಿಗೆ ಕೊಟ್ಟದ್ದಾದರೂ ಏನು? ಫುಟ್‌ಬಾಲ್ ಇಂಗ್ಲೆಂಡಿನದು, 1894ರಲ್ಲಿ ಚಾರ್ಲ್ಸ್ ಮಿಲ್ಲರ್ ಸಾವೊ ಪೌಲೊಗೆ ತಂದನೆನ್ನುತ್ತಾರೆ. ಸಾಂಬಾದ ತಾಳ, ಕಪೊಯೆರಾದ ವರಸೆ ಆಫ್ರಿಕದಿಂದ ಹಡಗಿನಲ್ಲಿ ಸರಪಳಿ ತೊಟ್ಟು ಬಂದವರ ಬಳುವಳಿ. ಹಾಗೆ ಅಲ್ಲಿ ಇಳಿಸಲ್ಪಟ್ಟವರು ಸುಮಾರು 48 ಲಕ್ಷವೆಂದು ಇತಿಹಾಸಕಾರರ ಅಂದಾಜು. ಗುಲಾಮಗಿರಿ ಕೊನೆಗೊಂಡದ್ದು 1888ರಲ್ಲಿ. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ ಕಪೊಯೆರಾ ಅಪರಾಧವಾಯಿತು; ಅದನ್ನೇ 2014ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಫುಟ್‌ಬಾಲಿನಲ್ಲೂ ಇದೇ ಕಥೆ. 1923ರಲ್ಲಿ ಕರಿಯರನ್ನೂ ಬಡ ಕೂಲಿಗಳನ್ನೂ ಆಡಿಸಿ ರಿಯೊದ ಪ್ರಶಸ್ತಿ ಗೆದ್ದ ಕ್ಲಬ್ಬನ್ನು ಹೊರಗಿಟ್ಟು, ಸಿರಿವಂತರ ಕ್ಲಬ್ಬುಗಳು ಮರುವರ್ಷ ಬೇರೆಯೇ ಕೂಟ ಕಟ್ಟಿಕೊಂಡವು. ಆ ಕ್ಲಬ್ಬಿನ ಹೆಸರೋ, 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಅದೇ ವಾಸ್ಕೊ ಡ ಗಾಮನದು!

ಹೀಗಿರುವಾಗ, ಎರವಲಿನದು ಬೆವರು ಸುರಿಸಿದವನಿಗೆ ಸ್ವಂತವಾಗುತ್ತದೆಂದು ನಮಗನಿಸುತ್ತದೆ. ಅಂಗಡಿಯಲ್ಲಿ ಬಾವುಟ ಕೊಂಡ ಮಾತ್ರಕ್ಕೆ ಯಾರೂ ಬ್ರೆಜಿಲ್ ಆಗರು, ನಿಜ. ಆದರೆ ನಮ್ಮ ಕೈಯಲ್ಲಿರುವ ಕನ್ನಡವೂ ಹಾಗೇ ಅಲ್ಲವೇ? ವರ್ಷಕ್ಕೊಮ್ಮೆ ಹಳದಿ-ಕೆಂಪು ಶಾಲು ಹೊದ್ದು ಬಿಸಿಬೇಳೆಭಾತ್ ಉಂಡು ಬರುವ ನಾವು ಅದಕ್ಕಾಗಿ ಎಷ್ಟು ದುಡಿದಿದ್ದೇವೆ? ಮಗನಿಗೆ ಕನ್ನಡ ಅಕ್ಷರ ಕಲಿಸಲು ನಮಗೆ ಪುರುಸೊತ್ತು ಆಗಿರಲಿಲ್ಲ. ಹುಟ್ಟಿನಿಂದ ಬಂದದ್ದೆಂದು ಗದರಿಸಿದ್ದೆವು. ಕೊಡದೇ ಇದ್ದುದನ್ನು ಅವನು ಉಳಿಸಿಕೊಳ್ಳುವುದಾದರೂ ಹೇಗೆ?

ನಾಲ್ಕನೆಯ ದಿನ ಬಾವುಟವನ್ನು ನಾವೇ ಮತ್ತೆ ಕಟ್ಟಿದೆವು, ಕಟ್ಟುತ್ತಲೇ ಗೇರುಮರದ ಕಥೆ, ಹಡಗುಗಳ ಕಥೆ ಹೇಳಿದೆವು. ಹುಡುಗ ಸುಮ್ಮನೆ ಕೇಳಿ, "ನಮ್ಮಿಂದ ಅವರಿಗೆ ಏನೂ ಹೋಗಿಲ್ವಾ ಅಪ್ಪಾ?" ಎಂದ. ಹೋಗಿದೆ, ನಮ್ಮ ಮಾವು ಹೋಗಿದೆ. ಇಂದು ಬ್ರೆಜಿಲ್‌ನ ಹುಲ್ಲುಗಾವಲುಗಳನ್ನು ತುಂಬಿರುವ ನೆಲೋರ್ ದನಗಳು ಮೂಲದಲ್ಲಿ ನಮ್ಮ ನೆರೆಯ ಆಂಧ್ರದ ಒಂಗೋಲು ತಳಿ, ಹೆಸರು ನೆಲ್ಲೂರಿನದು ಎಂದೆವು.

"ಹಾಗಾದ್ರೆ ಅಲ್ಲಿ ಯಾರಾದ್ರೂ ನೆಲ್ಲೂರಿನ ಬಾವುಟ ಕಟ್ತಾರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಡಿಸೆಂಬರ್ 9ರ ರಾತ್ರಿ ಕ್ರೊಯೇಷಿಯದೆದುರು ಪೆನಾಲ್ಟಿಗಳಲ್ಲಿ ಬ್ರೆಜಿಲ್ ಸೋತಾಗ ಅವನ ಪಕ್ಕದಲ್ಲಿ ನಾವೂ ಕುಳಿತಿದ್ದೆವು.