ವಿದ್ಯಾರ್ಥಿಗಳೂ ಮೊಬೈಲು ಫೋನೂ: ನಿಯಮವು ಯಾರಿಗೆ?



2025ರ, ಎಂದರೆ ವಿಶ್ವಾವಸು ಸಂವತ್ಸರದ ಚಾತುರ್ಮಾಸ್ಯದಲ್ಲಿ ಸಂಗೊಳ್ಳಿಯ ನಮ್ಮ ಗುಡಿಯಲ್ಲಿ ಸಾಯಂಕಾಲದ ಪ್ರವಚನ ನಡೆದಿರುವಾಗ ಒಂದು ದಿನ ಸಭೆಯ ನಡುವೆ ಫೋನು ಬಾರಿಸಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೈಸ್ಕೂಲಿನ ಹುಡುಗರ ಕಡೆಗೆ ಎಲ್ಲರ ಕಣ್ಣುಗಳೂ ಹೊರಳಿದವು. ಹಿರಿಯರೊಬ್ಬರು, "ಮೊದಲ ಈ ಹುಡುಗರ ಮೊಬೈಲು ಬಂದ್ ಮಾಡಸ್ಬೇಕ್ರೀ" ಎಂದು ಗಟ್ಟಿಯಾಗಿಯೇ ಅಂದರು. ಸದ್ದು ಬಂದದ್ದಾದರೋ ಹುಡುಗರ ಕಡೆಯಿಂದಲ್ಲ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ನಮ್ಮ ಶಲ್ಯದ ಮಡಿಕೆಯೊಳಗಿಂದ. ನಾವು ತಲೆ ತಗ್ಗಿಸಿ ಅದರ ಬಾಯಿ ಮುಚ್ಚಿಸಿದೆವು. ಪ್ರವಚನಕಾರರು ದೊಡ್ಡವರು, ಏನೂ ಆಗಲಿಲ್ಲವೆಂಬಂತೆ ಮುಂದುವರಿಸಿದರು. ಅಂದಿನ ಪ್ರಸಂಗ ಯಾವುದಿತ್ತೆಂಬುದು ಈಗ ನಮಗೆ ನೆನಪಿಲ್ಲ. ಆ ಹುಡುಗರ ಮುಖಗಳು ನೆನಪಿವೆ. ಅವರು ನಗಲಿಲ್ಲ, ಇದು ತಮಗೆ ರೂಢಿಯಾದದ್ದೆಂಬಂತೆ ಸುಮ್ಮನೆ ಕುಳಿತಿದ್ದರು.

ಎಂಟರಿಂದ ಹತ್ತನೆಯ ಇಯತ್ತೆಯವರೆಗಿನ ಮಕ್ಕಳ ಕೈಯಲ್ಲಿ ಮೊಬೈಲು ಇರಬೇಕೇ, ಇದ್ದರೆ ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಅಂದಿನಿಂದ ನಾವು ಬೇರೆ ರೀತಿಯಾಗಿ ವಿಚಾರಿಸಹತ್ತಿದ್ದೇವೆ. (ಇದಕ್ಕೆ ಸಂಚಾರಿ ದೂರವಾಣಿಯೆಂದು ಹೆಸರಿಟ್ಟವರಿದ್ದಾರೆ. ಆ ಹೆಸರಿನಿಂದ ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ತಂದುಕೊಡಲಾರರಾದ್ದರಿಂದ ಮೊಬೈಲು ಎಂದೇ ಬರೆಯುತ್ತೇವೆ.) ಮಕ್ಕಳನ್ನು ತಡೆಯುವುದು ತಪ್ಪೋ ಸರಿಯೋ ಎಂಬುದು ಪ್ರಶ್ನೆಯ ಒಂದು ಭಾಗ ಮಾತ್ರ. ತಡೆಯುವ ಅಧಿಕಾರ ಯಾರಿಗೆ, ಅದು ಯಾವುದರಿಂದ ಬರುತ್ತದೆ ಎಂಬುದು ಇನ್ನೊಂದು ಭಾಗ, ಮತ್ತು ನಮ್ಮ ಅಭಿಪ್ರಾಯದಲ್ಲಿ ಅದೇ ಕಠಿಣವಾದ ಭಾಗ.

ಈ ವಿಷಯದಲ್ಲಿ ನಾವು ಮಕ್ಕಳಿಗೆ ಆಡಿದ ಮಾತುಗಳು ಒಂದಕ್ಕೊಂದು ಕೂಡುವುದಿಲ್ಲ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಮೊಬೈಲನ್ನು ನಿರ್ಬಂಧಿಸಬೇಕೆಂದು 2009ರಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ನಮ್ಮ ಕಡೆಯ ಶಾಲೆಗಳಲ್ಲಿಯೂ ಮೊಬೈಲು ಸಿಕ್ಕರೆ ಪಾಲಕರನ್ನು ಕರೆಸುತ್ತಿದ್ದರು. ಮುಂದೆ 2020ರ ಮಾರ್ಚಿನಲ್ಲಿ ಕೋವಿಡ್ಡಿನಿಂದಾಗಿ ಶಾಲೆಗಳೇ ಮುಚ್ಚಿದವು. ಹೈಸ್ಕೂಲಿನವರಿಗಾಗಿ ಚಂದನ ವಾಹಿನಿಯಲ್ಲಿ "ಸಂವೇದ" ಪಾಠಗಳು ಬಂದವು. ಆಗಸ್ಟಿನಲ್ಲಿ ಸರಕಾರ "ವಿದ್ಯಾಗಮ"ವನ್ನು ತಂದಿತು. ಶಿಕ್ಷಕರೇ ಊರೂರಿಗೆ ಬಂದು ಗುಡಿಯ ಕಟ್ಟೆಗಳ ಮೇಲೆ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಉಳಿದದ್ದು ಮೊಬೈಲೊಂದೇ. ನಿನ್ನೆಯವರೆಗೆ "ಮುಟ್ಟಬ್ಯಾಡ" ಎಂದ ಪಾಲಕರೇ ಸಾಲ ಮಾಡಿ ತಂದು ಮಕ್ಕಳ ಕೈಯಲ್ಲಿಟ್ಟರು. ಮಲಪ್ರಭೆಯ ದಂಡೆಯ ಈ ಊರುಗಳಲ್ಲಿ ಸಿಗ್ನಲ್ಲು ಹುಡುಕುತ್ತ ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಕುಳಿತ ಮಕ್ಕಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಶಾಲೆಗಳು ತೆರೆದವು, ಮತ್ತೆ "ಮುಟ್ಟಬ್ಯಾಡ" ಎಂದೆವು. ಕೊಟ್ಟವರು ನಾವು, ಕಸಿದುಕೊಂಡವರು ನಾವು. ನಡುವೆ ಆ ಮಕ್ಕಳಿಗೆ ಕಾರಣ ಹೇಳಿದವರು ಎಷ್ಟು ಜನ?

ಹಾಗೆಂದು ತಡೆಯೇ ಬೇಡವೆಂಬ ಪಕ್ಷ ನಮ್ಮದಲ್ಲ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿದ್ದದ್ದು ಒಂದೇ ಫೋನು, ಕಚೇರಿಯ ಮೇಜಿನ ಮೇಲಿನದು. ರವಿವಾರ ಮಧ್ಯಾಹ್ನ ಮನೆಯಿಂದ ಕರೆ ಬಂದರೆ ಹೆಸರು ಹಿಡಿದು ಕೂಗುತ್ತಿದ್ದರು. ಉಳಿದ ದಿನಗಳಲ್ಲಿ ಅದರ ಗೊಡವೆ ಇರಲಿಲ್ಲ. ಆ ನಿಯಮದಿಂದ ಯಾರಿಗೂ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಸಹಪಾಠಿಯೊಬ್ಬನ ಅಜ್ಜ ತೀರಿಕೊಂಡ ಸುದ್ದಿ ಗುರುವಾರ ಬಂದಿತ್ತು. ಅವನಿಗೆ ತಿಳಿಸಿದ್ದು ಶುಕ್ರವಾರ, ಪಾಠ ಮುಗಿದ ಮೇಲೆ. ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿತ್ತು. ಇಷ್ಟು ವರ್ಷಗಳಾದರೂ ಭೆಟ್ಟಿಯಾದಾಗೊಮ್ಮೆ ಅವನು ಆ ಮಾತು ತೆಗೆಯುತ್ತಾನೆ. ಆದರೂ ಅದೇ ಪಾಠಶಾಲೆಯಲ್ಲಿ ನಾಲ್ಕು ತಾಸು ಒಂದೇ ಪಂಕ್ತಿಯ ಮೇಲೆ ಕುಳಿತು ವಿಚಾರ ಮಾಡುವ ಶಕ್ತಿ ನಮಗೆ ಬಂದದ್ದೂ ನಿಜ. ಆ ಶಕ್ತಿ ಈಗ ನಮ್ಮಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಮುಂದೆ ಹೇಳುತ್ತೇವೆ. ನಮಗೆ ಪಾಠ ಹೇಳಿದ ಗುರುಗಳು ಪಾಠದ ಹೊತ್ತಿನಲ್ಲಿ ತಮಗೇ ಕರೆ ಬಂದರೂ ಆಸನ ಬಿಟ್ಟು ಏಳುತ್ತಿರಲಿಲ್ಲ ಎಂಬುದನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು.

ಜಗತ್ತಿನ ಸರಕಾರಗಳೂ ನ್ಯಾಯಾಲಯಗಳೂ ಈ ವಿಷಯವನ್ನು ಕೈಗೆತ್ತಿಕೊಂಡಿವೆ. ಫ್ರಾನ್ಸ್ ದೇಶವು 2018ರಲ್ಲಿ ಕಾಯದೆ ಮಾಡಿ ಶಾಲೆಗಳಲ್ಲಿ ಚಿಕ್ಕ ಮಕ್ಕಳ ಫೋನಿಗೆ ತಡೆ ಹಾಕಿತು. ಆಸ್ಟ್ರೇಲಿಯದಲ್ಲಿ 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಡಕೂಡದೆಂಬ ಕಾಯದೆ 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ನಮ್ಮಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 2025ರ ಫೆಬ್ರುವರಿಯಲ್ಲಿ ಮಧ್ಯಮ ಮಾರ್ಗವೊಂದನ್ನು ತೋರಿಸಿತು: ಶಾಲೆಯಲ್ಲಿ ಮೊಬೈಲಿನ ಸಂಪೂರ್ಣ ನಿಷೇಧ ಅಪೇಕ್ಷಣೀಯವೂ ಅಲ್ಲ, ಆಚರಣೆಗೆ ಸಾಧ್ಯವೂ ಅಲ್ಲ, ಸಾಧ್ಯವಿದ್ದಲ್ಲಿ ಮಕ್ಕಳು ಬರುವಾಗ ಒಪ್ಪಿಸಿ ಹೋಗುವಾಗ ಮರಳಿ ಪಡೆಯಲಿ, ತರಗತಿಯಲ್ಲಿ ಮಾತ್ರ ಬಳಸಕೂಡದು. ಇದಕ್ಕೂ ಮುಂಚೆ 2019ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂದಿತ್ತು. ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ಬಳಸಬಾರದೆಂಬ ನಿಯಮವನ್ನು ಒಪ್ಪದ ಕಾಲೇಜು ವಿದ್ಯಾರ್ಥಿನಿಯೊಬ್ಬಳನ್ನು ಹೊರಹಾಕಿದ್ದರು. ಅಂತರಜಾಲವನ್ನು ಬಳಸುವುದು ಶಿಕ್ಷಣದ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿದ ನ್ಯಾಯಾಲಯ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಆಕೆ ಪ್ರಾಪ್ತವಯಸ್ಕಳು, ನಮ್ಮ ಹೈಸ್ಕೂಲಿನ ಮಕ್ಕಳು ಹಾಗಲ್ಲ. ಆದರೂ ಆ ಪ್ರಕರಣದಿಂದ ನಮಗೆ ಮನದಟ್ಟಾದದ್ದು ಇಷ್ಟು: ತಡೆಯುವವನು ತನ್ನ ತಡೆಗೆ ಉತ್ತರ ಕೊಡಬೇಕಾಗುತ್ತದೆ.

ಆಕೆ ಹೆಣ್ಣುಮಗಳಾಗಿದ್ದುದೂ ವಿಚಾರಾರ್ಹ. "ಅಸರ್" ಸಮೀಕ್ಷೆಯವರು 2024ರಲ್ಲಿ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿದರು. 100ಕ್ಕೆ 82 ಮಕ್ಕಳು ಸ್ಮಾರ್ಟ್‌ಫೋನು ನಡೆಸಬಲ್ಲವರು. ಅವರಲ್ಲಿ ಹಿಂದಿನ ವಾರ ಅಭ್ಯಾಸಕ್ಕಾಗಿ ಅದನ್ನು ಹಿಡಿದವರು 100ಕ್ಕೆ 57, ಸಾಮಾಜಿಕ ಜಾಲತಾಣಗಳಿಗಾಗಿ ಹಿಡಿದವರು 76. ಸ್ವಂತದ ಫೋನು ಇದ್ದವರು ಹುಡುಗರಲ್ಲಿ 100ಕ್ಕೆ 36, ಹುಡುಗಿಯರಲ್ಲಿ 27. ಮೊದಲಿನ ಅಂಕಿಗಳನ್ನು ಕಂಡು ಪಾಲಕರು ಬೆದರುತ್ತಾರೆ. ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಮನೆತನಗಳಲ್ಲಿ ನಿಯಮವೆಂಬುದು ಹುಟ್ಟಿದೊಡನೆ ಮೊದಲು ಹೆಣ್ಣುಮಗಳ ಕೈಯನ್ನೇ ಹುಡುಕಿಕೊಂಡು ಹೋಗುತ್ತದೆ. ಹುಡುಗನಾದರೆ "ಅಭ್ಯಾಸಕ್ಕ ಬೇಕಾಗ್ತದ", ಹುಡುಗಿಯಾದರೆ "ನಿನಗ್ಯಾಕ ಅದು?" ಹೀಗೆ ಮಾಡಿದ ತಡೆಗೆ ಸಂಯಮವೆಂಬ ದೊಡ್ಡ ಹೆಸರು ಇಡಬಾರದು.

ಹಾಗಾದರೆ ಸಂಯಮವೆಂದರೆ ಯಾವುದು? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಅಡಿಗೆಯ ಮನೆಗಳಲ್ಲಿಯೇ ಉದಾಹರಣೆಯಿದೆ. ಚಾತುರ್ಮಾಸ್ಯದ ಮೊದಲ ತಿಂಗಳು ಕಾಯಿಪಲ್ಲೆ ಬಿಡುತ್ತೇವೆ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ. ಇವುಗಳಲ್ಲಿ ಯಾವುದೂ ವಿಷವಲ್ಲ. ಸುರೆಯನ್ನು ಬಿಟ್ಟವನಿಗೆ ವ್ರತಸ್ಥನೆನ್ನುವುದಿಲ್ಲ, ಏಕೆಂದರೆ ಅದು ಎಂದಿಗೂ ಕೂಡದ್ದು. ಮೊಸರನ್ನು ಬಿಡುವುದು ವ್ರತ. ಮೊಸರು ಬಿಟ್ಟವನು ಅದನ್ನು ನಿಂದಿಸುವುದಿಲ್ಲ. ಕಾಲ ಮುಗಿದೊಡನೆ ಸಂತೋಷದಿಂದ ಉಣ್ಣುತ್ತಾನೆ. ಇನ್ನು ಮೊಬೈಲು ಸುರೆಯೋ ಮೊಸರೋ ಎಂದು ಮೊದಲು ನಿರ್ಣಯವಾಗಬೇಕು. ಪಂಚಾಂಗ, ಸೇವೆಯ ಚೀಟಿ, ದೂರದ ಮಗಳ ಮುಖ, ಬ್ಯಾಂಕಿನ ಹಣ ಎಲ್ಲವೂ ಅದರೊಳಗೇ ಬಂದಿರಲಾಗಿ ಅದನ್ನು ಸುರೆಯೆನ್ನಲು ನಮಗೆ ಬಾಯಿಲ್ಲ. ಆದರೆ ನಾವು ಮಾಡುತ್ತಿರುವುದೇನು? ಮಕ್ಕಳ ಮುಂದೆ ಅದನ್ನು ಸುರೆಯೆಂದು ಬಯ್ಯುತ್ತೇವೆ. ನಾವು ಮಾತ್ರ ಮೊಸರಿನಂತೆ ಮೂರು ಹೊತ್ತೂ ಉಣ್ಣುತ್ತೇವೆ. ಜನೆವರಿಯಲ್ಲಿ ನಮ್ಮೂರಿನ ರಾಯಣ್ಣ ಉತ್ಸವದ ಮೆರವಣಿಗೆಯನ್ನು ಕಣ್ಣಿನಿಂದ ನೋಡುವವರಿಗಿಂತ ಫೋನೆತ್ತಿ ಹಿಡಿದವರೇ ಹೆಚ್ಚು ಕಾಣುತ್ತಾರೆ, ಅವರೆಲ್ಲರೂ ಹೈಸ್ಕೂಲಿನವರಲ್ಲ.

ಇನ್ನೊಂದು ಸಂಗತಿ. ವ್ರತದ ಭಾರ ಹಿರಿಯರಿಂದ ಕೆಳಗೆ ಇಳಿಯುತ್ತದೆ. ಏಕಾದಶಿಯ ಉಪವಾಸ ಎಂಟು ವರ್ಷದೊಳಗಿನ ಮಗುವಿಗಿಲ್ಲ. ತಾಯಿ ತಾನು ಉಪವಾಸವಿದ್ದು ಮಗುವಿಗೆ ಹಾಲು ಕೊಡುತ್ತಾಳೆ. ತಾನು ಉಂಡು ಮಗುವನ್ನು ಉಪವಾಸ ಕೆಡಹಿದ ತಾಯಿಯನ್ನು ಯಾರೂ ಕಂಡಿಲ್ಲ. ಮೊಬೈಲಿನ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿದೆ.

ಇಲ್ಲಿ ಆಕ್ಷೇಪವೊಂದುಂಟು. ಹಿರಿಯರಿಗೆ ಉದ್ಯೋಗವಿದೆ, ಬುದ್ಧಿ ಬಲಿತಿದೆ. ಮಗುವಿಗೆ ಎರಡೂ ಇಲ್ಲವಾದ್ದರಿಂದ ಇಬ್ಬರಿಗೂ ಒಂದೇ ನಿಯಮ ಹೇಗೆ? ಮೊದಲನೆಯದು ಸರಿ. ಪೌರೋಹಿತ್ಯದ ಮನೆಗೆ ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಕರೆ ಬರುತ್ತದೆ. ಅದನ್ನು ತೆಗೆದುಕೊಳ್ಳದಿದ್ದರೆ ಕರ್ತವ್ಯಲೋಪವಾದೀತು. ಎರಡನೆಯದರ ವಿಷಯದಲ್ಲಿ ನಮಗೆ ಅಷ್ಟು ಧೈರ್ಯವಿಲ್ಲ. ಇನ್ನೂ ಒಂದು ಆಕ್ಷೇಪ: ಬಲವಂತದಿಂದ ಬಿಡಿಸಿದ್ದು ಸಂಯಮವೇ? ಕೈಯಲ್ಲಿಲ್ಲದ ಫೋನನ್ನು ಮನಸ್ಸಿನಲ್ಲಿ ಆಡಿಸುತ್ತ ಕುಳಿತ ಹುಡುಗನು, ಗೀತೆಯ ಮೂರನೆಯ ಅಧ್ಯಾಯದಲ್ಲಿ ಮಿಥ್ಯಾಚಾರನೆಂದು ಕರೆಯಲ್ಪಟ್ಟವನ ಸಾಲಿಗೆ ಸೇರನೇ? ಇದಕ್ಕೆ ನಮ್ಮ ಉತ್ತರ ಅನುಭವದ್ದು. ಮುಂಜಿವೆಯಾದ ಹೊಸತರಲ್ಲಿ ನಾವು ಸಂಧ್ಯಾವಂದನೆ ಮಾಡಿದ್ದು ಬಲವಂತದಿಂದಲೇ. ಭಕ್ತಿ ಎಳ್ಳಷ್ಟೂ ಇರಲಿಲ್ಲ, ನಿದ್ದೆ ಬಹಳವಿತ್ತು. ಆದರೂ ಬಿಡಲಿಲ್ಲ, ಏಕೆಂದರೆ ಪಕ್ಕದಲ್ಲಿ ತಂದೆಯವರು ಅದನ್ನೇ ಮಾಡುತ್ತ ಕುಳಿತಿರುತ್ತಿದ್ದರು. ಅವರು ಹಾಸಿಗೆಯಿಂದಲೇ ಕೂಗಿ ಹೇಳಿದ್ದರೆ ನಾವು ಎಷ್ಟು ದಿನ ಮಾಡುತ್ತಿದ್ದೆವೋ ದೇವರೇ ಬಲ್ಲ.

ಊರಿಗೆ ಊರೇ ಹೀಗೆ ಕುಳಿತುಕೊಂಡ ಉದಾಹರಣೆಯೊಂದು ನೆರೆಯ ಸಾಂಗಲಿ ಜಿಲ್ಲೆಯಲ್ಲಿದೆ. ಅಲ್ಲಿಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ 2022ರ ಆಗಸ್ಟಿನಿಂದ ದಿನವೂ ಸಂಜೆ 7 ಗಂಟೆಗೆ ಗುಡಿಯಿಂದ ಸೈರನ್ನು ಕೂಗಹತ್ತಿತು. ಆಗ ಮನೆಮನೆಯಲ್ಲಿ ಟೀವಿ, ಮೊಬೈಲುಗಳನ್ನು ಬಂದ್ ಮಾಡಬೇಕು, 8.30ಕ್ಕೆ ಮತ್ತೆ ಸೈರನ್ನು ಕೂಗುವವರೆಗೆ ಮಕ್ಕಳು ಓದಬೇಕು. ಕೋವಿಡ್ಡಿನ ತರುವಾಯ ಶಾಲೆಗೆ ಬಂದ ಮಕ್ಕಳ ಲಕ್ಷ್ಯವೆಲ್ಲ ಮೊಬೈಲಿನಲ್ಲಿಯೇ ಇರುವುದನ್ನು ಶಿಕ್ಷಕರು ಕಂಡರು. ಅದರಿಂದ ಈ ಉಪಾಯ ಹುಟ್ಟಿತು. ಮೊದಮೊದಲು ಪಂಚಾಯತಿಯವರು, ಅಂಗನವಾಡಿಯವರು ಮನೆಗಳಿಗೆ ಹೋಗಿ ನೋಡಿಬರಬೇಕಾಯಿತಂತೆ. ಬೆಳಗಾವಿಯ ಸುತ್ತಲಿನ ಹಳ್ಳಿಗಳಲ್ಲಿಯೂ ಈ ಪದ್ಧತಿಯನ್ನು ತಂದವರಿದ್ದಾರೆ. ಇದರಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸೈರನ್ನಲ್ಲ. ಅದು ಕೂಗಿದಾಗ ತಾಯಿಯ ಧಾರಾವಾಹಿಯೂ ನಿಲ್ಲುತ್ತದೆ, ತಂದೆಯ ಮೊಬೈಲೂ ನಿಲ್ಲುತ್ತದೆ ಎಂಬುದು.

ಇನ್ನು ನಮ್ಮ ಮನೆಯ ಮಾತು. ಪ್ರವಚನದ ದಿನದ ಘಟನೆಯಾದ ಮೇಲೆ ನಮ್ಮ ಅಣ್ಣನ ಮಗ, ಒಂಬತ್ತನೆಯ ಇಯತ್ತೆಯವನು, ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದ: "ಕಾಕಾ, ದಿನಾ ಎಷ್ಟೊತ್ತು ನೋಡ್ತೀರಿ ಅಂತ ನಿಮ್ಮ ಫೋನಿನ್ಯಾಗ ಲೆಕ್ಕ ಇರ್ತದ. ತೋರಸ್ಲೇನ್ರೀ?" ತೋರಿಸು ಎಂದೆವು. ಅಂದಿನ ಲೆಕ್ಕ 3 ತಾಸು 52 ನಿಮಿಷ. ಸೇವೆಗಳ ಸಂದೇಶಗಳಿಗೆ, ತಿಥಿ ಕೇಳಿದವರಿಗೆ ಉತ್ತರ ಕೊಡಲು ಹಿಡಿದದ್ದು ಅರ್ಧ ತಾಸೂ ಇರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುವುದು ಈ ಪತ್ರಿಕೆಗೆ ಶೋಭಿಸದು. ಪಾಪದ್ದೇನೂ ಅಲ್ಲ, ನಿರರ್ಥಕವಾದದ್ದು. ನಾಲ್ಕು ತಾಸು ಒಂದೇ ಪಂಕ್ತಿಯ ಮೇಲೆ ಕುಳಿತಿದ್ದೆವೆಂದು ಮೇಲೆ ಹೇಳಿಕೊಂಡವರು ಇವರೇ.

ಮರುದಿನದಿಂದ ದೀಪ ಹಚ್ಚಿದ ಹೊತ್ತಿನಿಂದ ರಾತ್ರಿಯ ಊಟದವರೆಗೆ ಮನೆಯ ನಾಲ್ಕೂ ಸ್ಮಾರ್ಟ್‌ಫೋನುಗಳು ಪಡಸಾಲೆಯ ಗೂಡಿನಲ್ಲಿ ಇರಬೇಕೆಂದು ಗೊತ್ತಾಯಿತು. ತಂದೆಯವರ ಗುಂಡಿಯ ಫೋನಿಗೆ ಮಾತ್ರ ವಿನಾಯಿತಿ. ಸಾವು, ಜಡ್ಡು, ಆಪತ್ತಿನ ಸುದ್ದಿ ಅದಕ್ಕೆ ಬರಲಿ. ನಮ್ಮ ಸಹಪಾಠಿಯ ನೆನಪಿನಿಂದಲೇ ಈ ವಿನಾಯಿತಿಯನ್ನು ಇಟ್ಟೆವು. ಶಾಲೆಯಿಂದ ವಾಟ್ಸಪ್ಪಿಗೆ ಬಂದ ಅಭ್ಯಾಸವನ್ನು ದೀಪದ ಮುಂಚೆಯೇ ವಹಿಯಲ್ಲಿ ಬರೆದುಕೊಳ್ಳಬೇಕು. ಹುಡುಗನಿಗೂ ಅವನ ತಂಗಿಗೂ ಸರಿಸಮ. ಮೊದಲ ವಾರದಲ್ಲಿ ನಿಯಮ ಮೂರು ಸಲ ಮುರಿಯಿತು: ಒಂದು ಸಲ ಅಣ್ಣನಿಂದ, ಎರಡು ಸಲ ನಮ್ಮಿಂದ. ಮಕ್ಕಳು ನೋಡಿದರು, ಏನೂ ಅನ್ನಲಿಲ್ಲ. ಆ ಮೌನವು ಬೈಗಳಿಗಿಂತ ಹೆಚ್ಚಾಗಿ ನಮ್ಮನ್ನು ತಿದ್ದಿತು.

ಹುಡುಗನ ಅಂಕಗಳು ಏರಿದವೆಂದು ಬರೆಯುವಂತಿಲ್ಲ. ಗಣಿತದಲ್ಲಿ ಅವನು ಇದ್ದಲ್ಲಿಯೇ ಇದ್ದಾನೆ. ಅಣ್ಣ ತಂಗಿ ಮಾತ್ರ ಎಷ್ಟೋ ದಿನಗಳ ಮೇಲೆ ಮನೆ ಹಾರಿಹೋಗುವಂತೆ ಜಗಳಾಡಿದರು. ನಮ್ಮ ಅವ್ವನಿಗೆ ಅದರಿಂದ ಬಹಳ ಸಮಾಧಾನವಾಯಿತು. ಅಜ್ಜನ ಹತ್ತಿರ ಕುಳಿತು ಅವರ ಕಾಲದ ಬೈಲಹೊಂಗಲದ ಸಂತೆಯ ಸುದ್ದಿಗಳನ್ನು ಕೇಳುವ ರೂಢಿ ಹುಡುಗನಿಗೆ ಆಗಿದೆ. ಕೆಲವು ದಿನ ಬೇಸರದಿಂದ ಗೂಡಿನ ಕಡೆಗೆ ನೋಡುತ್ತ ಕುಳಿತಿರುವುದೂ ಉಂಟು. ನಾವೂ ನೋಡುತ್ತೇವೆ.

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ವ್ರತಗಳ ಸಮಾಪ್ತಿ. ಬಿಟ್ಟ ಪದಾರ್ಥಗಳನ್ನು ದಾನವಿತ್ತು ಮತ್ತೆ ಬಳಸಲು ತೊಡಗುವುದು ಪದ್ಧತಿ. ಕಾಯಿಪಲ್ಲೆ, ಮೊಸರು, ಹಾಲು, ಬೇಳೆಗಳನ್ನು ಸಾಲಾಗಿ ಇಟ್ಟದ್ದನ್ನು ನೋಡುತ್ತ ನಿಂತಿದ್ದ ಹುಡುಗ ಕೇಳಿದ: "ಕಾಕಾ, ಗೂಡಿನ ವ್ರತಾನೂ ಇವತ್ತ ಮುಗೀತೇನ್ರೀ? ಹಂಗಾದ್ರ ಫೋನೂ ದಾನಾ ಕೊಡ್ಬೇಕಲ್ಲ?" ತಂದೆಯವರು ಕೈಯಲ್ಲಿಯ ನೀರು ಚೆಲ್ಲುವಂತೆ ನಕ್ಕರು. ನಾವು ಉತ್ತರ ಕೊಡಲಿಲ್ಲ. ಅಂದು ಸಂಜೆ ತುಳಸಿಯ ಮುಂದೆ ದೀಪ ಹಚ್ಚಿದ ಮೇಲೆ ನೋಡಿದೆವು; ಗೂಡಿನಲ್ಲಿ ಮೂರು ಫೋನುಗಳಿದ್ದವು. ನಾಲ್ಕನೆಯದು ನಮ್ಮದು, ಶಲ್ಯದ ಮಡಿಕೆಯೊಳಗಿತ್ತು. ತೆಗೆದು ಇಟ್ಟೆವು.

|| ಶ್ರೀಕೃಷ್ಣಾರ್ಪಣಮಸ್ತು ||