ಹಣ್ಣಿನ ಪರಿಮಳವೂ ಮದ್ಯದ ಕೊಡವೂ



ಕೂಡ್ಲಿಗಿಯ ಸೀಮೆಯಲ್ಲಿ ನಾನು ಪ್ರಾರ್ಥನೆಗಾಗಿ ಒಂದು ಮನೆಗೆ ಹೋದಾಗ ಮೂಲೆಯ ಕೊಡದಿಂದ ಮಾವಿನಹಣ್ಣಿನ ಪರಿಮಳವು ಬರುತ್ತಿತ್ತು. ಯಜಮಾನನು, "ಅಯ್ಯನವರೇ, ಇದು ಸಾರಾಯಿಯಲ್ಲ, ನಾನೇ ಮಾಡಿದ ಬಿಯರು, ಹಣ್ಣಿನ ರಸ ಹಾಕಿದ್ದೇನೆ" ಅಂದನು. ಅಷ್ಟರಲ್ಲಿ ಅವನ ಚಿಕ್ಕ ಮಗಳು ಲೋಟಕ್ಕೆ ಕೈಚಾಚಲು ಅವನು ಬೇಗನೆ ಅದನ್ನು ಎತ್ತಿಟ್ಟನು. "ಹಣ್ಣಿನ ರಸವಾದರೆ ಮಗುವಿಗೆ ಯಾಕೆ ಕೊಡಲಿಲ್ಲಪ್ಪಾ?" ಅಂದೆನು. ಅವನು ತಲೆ ತಗ್ಗಿಸಿದನು.

ಆ ಕೊಡದೊಳಗೆ ನಡೆಯುವದೇನೆಂದು ಯೋಚಿಸಿರಿ. ಮೊಳಕೆ ಬರಿಸಿದ ಜವೆಗೋದಿಯ ರಸವು ಹುದುಗಿನಿಂದ ಉಕ್ಕಿ ಶಾಂತವಾದ ಮೇಲೆ ಹಣ್ಣಿನ ತಿರುಳನ್ನು ಹಾಕುತ್ತಾರೆ. ಮೊದಲೇ ಹಾಕಿದರೆ ಉಕ್ಕುವ ವಾಯುವಿನೊಂದಿಗೆ ಪರಿಮಳವು ಹಾರಿಹೋಗುವದು. ಆಗ ಹುದುಗು ಹಣ್ಣಿನ ಸಕ್ಕರೆಯನ್ನೂ ತಿಂದು ಮದ್ಯಸಾರವನ್ನಾಗಿ ಮಾಡುವದು. ಸಿಹಿ ಹೋಯಿತು, ವಾಸನೆ ಉಳಿಯಿತು. ಹಣ್ಣು ಮದ್ಯವನ್ನು ಶುದ್ಧಿಮಾಡಲಿಲ್ಲ. ಮದ್ಯವೇ ಹಣ್ಣನ್ನು ನುಂಗಿತು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿಯು ನಿಷಿದ್ಧವಾಯಿತು. ಆದರೆ ಆಶೆಯು ಬೇರೆ ಹೆಸರನ್ನು ಹುಡುಕಿಕೊಂಡಿತು. ಅಪ್ಪಣೆಯಿಲ್ಲದೆ ಮನೆಯಲ್ಲಿ ಮದ್ಯ ಮಾಡುವದು 1965ರ ಅಬಕಾರಿ ಕಾಯಿದೆಗೂ ವಿರೋಧವಾದದ್ದು. ನೋಟಕ್ಕೆ ಚೆಲುವಾದ ಪಾನವು ಕಡೆಯಲ್ಲಿ ಸರ್ಪವಾಗುವ ಸಂಗತಿಯನ್ನು ಜ್ಞಾನೋಕ್ತಿಗಳ 23ನೆಯ ಅಧ್ಯಾಯದಲ್ಲಿ ಓದಿಕೊಳ್ಳಿರಿ.

ಪ್ರಿಯರೇ, ಮಾವು ದೇವರ ದಾನವು. ಅದನ್ನು ಕೊಯ್ದು ಮಕ್ಕಳ ಸಂಗಡ ಕೂತು ತಿನ್ನಿರಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಆತ್ಮನ ಫಲವನ್ನು ಎಣಿಸುವಾಗ ಕಡೆಯದಾಗಿ ಬಂದದ್ದು ದಮೆ. ಆ ಫಲವು ನಮ್ಮ ಮನೆಗಳಲ್ಲಿ ಪರಿಮಳವಾಗಿ ಮಾತ್ರವಲ್ಲ, ಸಿಹಿಯಾಗಿಯೂ ಉಳಿಯುವಂತೆ ಕರ್ತನು ಕೃಪೆಮಾಡಲಿ. ಆಮೆನ್.