ವಫಾ ಯಾರಿಗೆ?

ಕಳಸದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿರುವ ಹಿರಿಯರೊಬ್ಬರು ನನಗೆ ಬಹಳ ವರ್ಷಗಳಿಂದ ಪರಿಚಯ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲವೂ ಅವರದೇ. 2018ರಲ್ಲಿ ಅವರು ಮೊದಲ ಸಲ ಸ್ಮಾರ್ಟ್‌ಫೋನ್ ಕೊಳ್ಳಲು ಹೊರಟಾಗ ನನ್ನನ್ನು ಕೇಳಿದರು: "ಸಾಬ್ರೇ, ಯಾವುದು ತಗೊಳ್ಳಲಿ?" ನಾನು ಒಂದು ಕ್ಷಣವೂ ಯೋಚಿಸದೆ ಒಂದು ಕಂಪೆನಿಯ ಹೆಸರು ಹೇಳಿದೆ. ಆ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಆ ಕಂಪೆನಿಯ ತಪ್ಪನ್ನಲ್ಲ, ನನ್ನ ತಪ್ಪನ್ನು.

ಆ ಕಂಪೆನಿಯ ಫೋನನ್ನು ನಾನು ವರ್ಷಗಳಿಂದ ಬಳಸುತ್ತಿದ್ದೆ. ಮೂಡಿಗೆರೆಯ ಹೋಟೆಲಿನಲ್ಲಿ ಗೆಳೆಯರ ಜೊತೆ ಕುಳಿತಾಗ ಅದರ ಪರವಾಗಿ ವಾದ ಮಾಡುತ್ತಿದ್ದೆ. ಬೇರೆ ಕಂಪೆನಿಯ ಫೋನ್ ಹಿಡಿದವರನ್ನು ಗೇಲಿ ಮಾಡುತ್ತಿದ್ದೆ. ಆ ಕಂಪೆನಿಗೂ ನನಗೂ ಏನು ಸಂಬಂಧ? ಅದರಲ್ಲಿ ನನ್ನ ಷೇರಿರಲಿಲ್ಲ, ನನ್ನವರು ಯಾರೂ ಅಲ್ಲಿ ಕೆಲಸಕ್ಕಿರಲಿಲ್ಲ. ಆದರೂ ಯಾರಾದರೂ ಅದನ್ನು ಹಳಿದರೆ ನನ್ನ ಮನೆಯವರನ್ನು ಹಳಿದಂತೆ ಸಿಟ್ಟು ಬರುತ್ತಿತ್ತು.

2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ಕಡೆಯವರು ಮರೆಯುವಂತಿಲ್ಲ. ಗುಡ್ಡಗಳು ಜರಿದವು, ತೋಟಗಳು ಕೊಚ್ಚಿಹೋದವು, ರಸ್ತೆಗಳು ಕಡಿದುಹೋದವು. ಅದೇ ವಾರ ರೈಟರ ಫೋನಿನ ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳ ಎದ್ದುಬಂತು, ಫೋನ್ ಸತ್ತುಹೋಯಿತು. ಮಂಗಳೂರಿನಲ್ಲಿದ್ದ ಅವರ ಮಗಳು ಮೂರು ದಿನ ಫೋನ್ ಮಾಡಿ ಮಾಡಿ, ಅಪ್ಪ ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ಅತ್ತಿದ್ದಳಂತೆ. ರಸ್ತೆ ಸರಿಯಾದ ಮೇಲೆ ಅವರು ಆ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನನ್ನ ಬಳಿಗೆ ಬಂದರು. ನಾನು ಹೇಳಿದ ಮೊದಲ ಮಾತು ಇದು: "ರಾತ್ರಿಯಿಡೀ ಚಾರ್ಜಿಗೆ ಹಾಕಿರ್ತೀರಿ ರೈಟ್ರೇ, ಅದಕ್ಕೇ ಹೀಗಾಗಿದೆ. ಫೋನಿನಲ್ಲಿ ದೋಷ ಇರಲ್ಲ."

ಅವರು ಮರುಮಾತನಾಡಲಿಲ್ಲ. ಫೋನನ್ನು ಮತ್ತೆ ಕವರಿಗೆ ಹಾಕಿಕೊಂಡು ಹೊರಟುಹೋದರು.

ಮಳೆಗಾಲದಲ್ಲಿ ತೋಟದ ಮನೆಗಳಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಬಂದರೆ ನಡುರಾತ್ರಿ ಯಾವಾಗಲೋ ಬರುತ್ತದೆ. ಅದಕ್ಕಾಗಿ ಎಲ್ಲರೂ ಫೋನನ್ನು ಚಾರ್ಜರಿಗೆ ಸಿಕ್ಕಿಸಿಯೇ ಮಲಗುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ, ನಾನೂ ಹಾಗೇ ಮಾಡುವವನು. ಆದರೂ ಫೋನನ್ನು ತೆರೆದು ನೋಡದೆ ನಾನು ತೀರ್ಪು ಕೊಟ್ಟಿದ್ದೆ. ಎದುರಿಗಿದ್ದ ಮನುಷ್ಯನನ್ನು ಬಿಟ್ಟು, ನನ್ನ ಮುಖವನ್ನೇ ಕಾಣದ ಒಂದು ಕಂಪೆನಿಯ ಪರ ವಹಿಸಿದ್ದೆ.

ಉರ್ದುವಿನಲ್ಲಿ ವಫಾ ಎಂಬ ಸುಂದರ ಪದವಿದೆ. ಕೊಟ್ಟ ಮಾತಿಗೆ ನಿಲ್ಲುವುದು, ಕಷ್ಟಕಾಲದಲ್ಲಿ ಕೈಬಿಡದಿರುವುದು ಅದರ ಅರ್ಥ. ಶಾಲೆಯಲ್ಲಿ ಈ ಪದವನ್ನು ಕಲಿತಾಗ ಅದು ಗೆಳೆಯನಿಗೆ, ಸಂಗಾತಿಗೆ, ಒಡನಾಡಿಗೆ ಸಲ್ಲುವ ಗುಣವೆಂದು ತಿಳಿದಿದ್ದೆ. ಈಗ ಜಾಹೀರಾತುಗಳು ಅದನ್ನು ಅಂಗಡಿಗೂ ತಂದಿವೆ. ಹಾಗಾದರೆ ಒಂದು ಕಂಪೆನಿಗೆ ನಾವು ವಫಾದಾರರಾಗಿರಬೇಕೇ? ಅದರ ವಸ್ತು ಕೆಟ್ಟಾಗ ಬಿಟ್ಟುಹೋದರೆ ಅದು ದ್ರೋಹವೇ?

ನಮ್ಮ ದೇಶದ ಮನೆಮನೆಗೂ ಮುಟ್ಟಿದ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಆಗ ಮೊಬೈಲ್ ಎಂದರೆ ನೋಕಿಯಾ ಎಂಬಂತಿತ್ತು. 2003ರಲ್ಲಿ ಬಂದ ನೋಕಿಯಾ 1100 ಮಲೆನಾಡಿನ ಕತ್ತಲೆಗೆಂದೇ ಮಾಡಿದಂತಿತ್ತು. ಅದರ ತಲೆಯಲ್ಲೊಂದು ಟಾರ್ಚ್ ಇತ್ತು. ತೋಟದ ಕಾಲುದಾರಿಯಲ್ಲಿ ರಾತ್ರಿ ನಡೆಯುವವರಿಗೆ ಕರೆಗಿಂತ ಆ ಬೆಳಕೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. 2007ರ ಆಗಸ್ಟ್ 14ರಂದು ಆ ಕಂಪೆನಿ ಒಂದು ಎಚ್ಚರಿಕೆ ಹೊರಡಿಸಿತು. 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಜಪಾನಿನ ಮಾತ್ಸುಶಿತಾ ಕಂಪೆನಿ ತಯಾರಿಸಿಕೊಟ್ಟ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಶಾರ್ಟ್ ಸರ್ಕ್ಯೂಟ್ ಆಗಿ ವಿಪರೀತ ಬಿಸಿಯಾಗಬಹುದು ಎಂಬುದು ಅದರ ಸಾರ. ಅಂಥ ಬ್ಯಾಟರಿಗಳ ಸಂಖ್ಯೆ 4 ಕೋಟಿ 60 ಲಕ್ಷ. ಬಿಸಿಯಾದ ಪ್ರಕರಣಗಳು ಆವರೆಗೆ ಜಗತ್ತಿನಾದ್ಯಂತ ವರದಿಯಾಗಿದ್ದದ್ದು ಸುಮಾರು 100 ಮಾತ್ರ. ಆದರೂ ಕೇಳಿದವರಿಗೆ ಹೊಸ ಬ್ಯಾಟರಿಯನ್ನು ಪುಕ್ಕಟೆಯಾಗಿ ಕೊಡುವುದಾಗಿ ಕಂಪೆನಿ ಹೇಳಿತು.

ಬ್ಯಾಟರಿಯ ಬೆನ್ನ ಮೇಲೆ 26 ಅಕ್ಷರ ಮತ್ತು ಅಂಕಿಗಳ ಒಂದು ಗುರುತು ಇರುತ್ತಿತ್ತು. ಅದನ್ನು ಕಂಪೆನಿಗೆ ತಿಳಿಸಿ ನಮ್ಮದು ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಿತ್ತು. ಫೋನಿನ ಬೆನ್ನು ಬಿಚ್ಚಿ, ಕನ್ನಡಕ ಹಾಕಿಕೊಂಡು, ಆ ಸಣ್ಣ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಜನರನ್ನು ನಾನು ಕಂಡಿದ್ದೇನೆ. ಭಯವಿತ್ತು, ಗಾಳಿಸುದ್ದಿಯೂ ಇತ್ತು. ಆದರೂ ಜನ ನೋಕಿಯಾವನ್ನು ಬಿಡಲಿಲ್ಲ.

ನಾವು ಅದನ್ನು ಬಿಟ್ಟದ್ದು ಯಾವಾಗ? ಟಚ್ ಸ್ಕ್ರೀನಿನ ಆಂಡ್ರಾಯ್ಡ್ ಫೋನುಗಳು ಅಗ್ಗವಾಗಿ ಬಂದಾಗ. ಆಗ ಯಾವ ಬ್ಯಾಟರಿಯೂ ಕೆಟ್ಟಿರಲಿಲ್ಲ, ಕಂಪೆನಿ ನಮಗೆ ಯಾವ ಮೋಸವನ್ನೂ ಮಾಡಿರಲಿಲ್ಲ. 2014ರಲ್ಲಿ ನೋಕಿಯಾದ ಫೋನ್ ವ್ಯವಹಾರ ಮೈಕ್ರೋಸಾಫ್ಟಿನ ಪಾಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಚೆನ್ನೈ ಬಳಿಯ ಶ್ರೀಪೆರಂಬದೂರಿನ ಕಾರ್ಖಾನೆ ನಿಂತಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ನಮ್ಮ ಎಷ್ಟೋ ಫೋನುಗಳನ್ನು ಜೋಡಿಸಿದ ಕೈಗಳವು. ಅವರಿಗಾಗಿ ನಮ್ಮಲ್ಲಿ ಎಷ್ಟು ಜನ ಒಂದು ಮಾತಾಡಿದೆವು? ನಾನಂತೂ ಆಡಲಿಲ್ಲ. ಇಷ್ಟು ಸುಲಭವಾಗಿ ಮರೆತುಹೋಗುವುದನ್ನು ವಫಾ ಎಂದು ಕರೆಯಬಹುದೇ? ಅದು ಬರೀ ಅಭ್ಯಾಸವಾಗಿತ್ತು. ಇನ್ನೊಂದು ಅಭ್ಯಾಸ ಸಿಕ್ಕಿದಾಗ ಬಿಟ್ಟೆವು.

ಎರಡನೆಯ ಘಟನೆ 2016ರದು. ಸ್ಯಾಮ್‌ಸಂಗಿನ ಗ್ಯಾಲಕ್ಸಿ ನೋಟ್ 7 ಆಗಸ್ಟ್ 19ರಂದು ಮಾರುಕಟ್ಟೆಗೆ ಬಂತು. ಕೆಲವು ಫೋನುಗಳಿಗೆ ಬೆಂಕಿ ಹತ್ತಿದ್ದರಿಂದ ಸೆಪ್ಟೆಂಬರ್ 2ರಂದು ಸುಮಾರು 25 ಲಕ್ಷ ಫೋನುಗಳನ್ನು ಹಿಂಪಡೆಯುವ ನಿರ್ಧಾರವಾಯಿತು. ಬದಲಿಗೆ ಕೊಟ್ಟ ಫೋನುಗಳಿಗೂ ಬೆಂಕಿ ಹತ್ತಿತು. ಅಕ್ಟೋಬರ್ 11ರಂದು ಆ ಫೋನಿನ ತಯಾರಿಯನ್ನೇ ನಿಲ್ಲಿಸಲಾಯಿತು. ವಿಮಾನದಲ್ಲಿ ಅದನ್ನು ಬಳಸದಂತೆ ಭಾರತದಲ್ಲೂ ಆದೇಶವಾಗಿತ್ತು. 2017ರ ಜನವರಿಯಲ್ಲಿ ಕಂಪೆನಿ ತನಿಖೆಯ ವಿವರಗಳನ್ನು ಪ್ರಕಟಿಸಿತು. ಇಬ್ಬರು ಸರಬರಾಜುದಾರರ ಬ್ಯಾಟರಿಗಳಲ್ಲಿ ಎರಡು ಬೇರೆ ಬೇರೆ ದೋಷಗಳಿದ್ದವು ಎಂದು ಒಪ್ಪಿಕೊಂಡಿತು. ಆ ವರ್ಷ ಅದರ ಹೊಸ ಫೋನುಗಳು ಮತ್ತೆ ಚೆನ್ನಾಗಿಯೇ ಮಾರಾಟವಾದವು.

ಮರಳಿ ಬಂದ ಗ್ರಾಹಕರನ್ನು ಮೂರ್ಖರೆನ್ನಲೇ? ಇಲ್ಲ. ಬಿಟ್ಟುಹೋದವರನ್ನು ದ್ರೋಹಿಗಳೆನ್ನಲೇ? ಅದೂ ಇಲ್ಲ. ಮನುಷ್ಯರು ಮಾಡುವ ವಸ್ತುವಿನಲ್ಲಿ ದೋಷ ಬರುವುದು ಸಹಜ. ದೋಷವನ್ನು ಬಚ್ಚಿಡುವುದು ಮಾತ್ರ ಮೋಸ. ತಾನಾಗಿಯೇ ಹೇಳಿಕೊಂಡು ನಷ್ಟ ಭರಿಸಿದವನನ್ನು ಮತ್ತೆ ನಂಬಬಹುದು. ಆದರೆ ಈ ನಂಬಿಕೆಗೆ ಲೆಕ್ಕವಿದೆ. ಅದನ್ನು ಪ್ರತಿ ಸಲ ಹೊಸದಾಗಿ ಗಳಿಸಬೇಕು.

ಇಸ್ಲಾಮೀ ವ್ಯಾಪಾರ ನಿಯಮಗಳಲ್ಲಿ ಇದಕ್ಕೆ ಖಿಯಾರೆ ಐಬ್ ಎಂಬ ಹೆಸರೇ ಇದೆ. ಐಬ್ ಎಂದರೆ ದೋಷ, ಖಿಯಾರ್ ಎಂದರೆ ಆಯ್ಕೆ. ಕೊಂಡ ವಸ್ತುವಿನಲ್ಲಿ ಮೊದಲೇ ಇದ್ದ ದೋಷ ಆಮೇಲೆ ಕಂಡುಬಂದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಹಿಂದಿರುಗಿಸಿದವನನ್ನು ಬೇವಫಾ ಎಂದು ಯಾವ ಧರ್ಮಶಾಸ್ತ್ರಜ್ಞನೂ ಕರೆದಿಲ್ಲ. ಕೂಫಾ ನಗರದ ಇಮಾಮ್ ಅಬೂ ಹನೀಫಾ(ರ) ಬಟ್ಟೆ ವ್ಯಾಪಾರಿಯೂ ಆಗಿದ್ದರು. ಅವರ ಚರಿತ್ರೆಕಾರರು ಒಂದು ಪ್ರಸಂಗ ಹೇಳುತ್ತಾರೆ. ದೋಷವಿದ್ದ ಒಂದು ಬಟ್ಟೆಯನ್ನು ಅವರ ಪಾಲುದಾರರು ದೋಷ ತಿಳಿಸದೆ ಮಾರಿಬಿಟ್ಟಿದ್ದರು. ಕೊಂಡವನು ಯಾರೆಂದು ಗೊತ್ತಾಗಲಿಲ್ಲ. ಇಮಾಮರು ಆ ಮಾರಾಟದಿಂದ ಬಂದ ಹಣವನ್ನೆಲ್ಲ ದಾನ ಮಾಡಿದರಂತೆ. ಇಂದು ನಾವು ರೀಕಾಲ್ ಎನ್ನುವುದರ ಹಿಂದಿರಬೇಕಾದ ಮನಸ್ಸು ಇದೇ ಅಲ್ಲವೇ?

ನಮ್ಮ ಬೆಳೆಗಾರರಿಗೆ ಈ ವಿವೇಕ ತೋಟದಲ್ಲೇ ಸಿಕ್ಕಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1980ರ ದಶಕದಲ್ಲಿ ಕಾವೇರಿ ಎಂಬ ತಳಿಯನ್ನು ಕೊಟ್ಟಿತು. ಗಿಡ್ಡ ಗಿಡ, ಬೇಗ ಫಸಲು, ಎಲೆತುಕ್ಕು ರೋಗವನ್ನು ತಡೆಯುವ ಶಕ್ತಿ. ಜನ ಉತ್ಸಾಹದಿಂದ ನೆಟ್ಟರು. ಕೆಲವು ವರ್ಷಗಳಲ್ಲಿ ಆ ಶಕ್ತಿ ಕುಂದಿ ತುಕ್ಕು ಹತ್ತಿತು. ಹಲವರು ಅದೇ ಕೇಂದ್ರದ ಹಳೆಯ 795 ತಳಿಗೆ ಮರಳಿದರು. ಗಿಡ ಕಿತ್ತಾಗ ಯಾರಿಗೂ ಪಾಪಪ್ರಜ್ಞೆ ಕಾಡಲಿಲ್ಲ, ಕೇಂದ್ರವನ್ನು ಯಾರೂ ಬಹಿಷ್ಕರಿಸಲೂ ಇಲ್ಲ. ಮಳೆ, ನೆರಳು, ಮಣ್ಣು ನೋಡಿ ಒಗ್ಗಿದ್ದನ್ನು ಉಳಿಸಿಕೊಂಡರು, ಒಗ್ಗದ್ದನ್ನು ಬಿಟ್ಟರು. ಗಿಡದ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ನಾವು ಫೋನಿನ ವಿಷಯದಲ್ಲಿ ಮಾತ್ರ ಯಾಕೆ ಭಕ್ತರಾಗುತ್ತೇವೆ?

ನನಗೆ ತೋಚುವ ಕಾರಣ ಒಂದು. ಕೊಂಡ ವಸ್ತುವನ್ನು ಹೊಗಳುವಾಗ ನಾವು ನಮ್ಮ ಜಾಣತನವನ್ನೇ ಹೊಗಳಿಕೊಳ್ಳುತ್ತಿರುತ್ತೇವೆ. ಅದು ಕೆಟ್ಟಿತೆಂದು ಒಪ್ಪಿದರೆ ನಮ್ಮ ಆಯ್ಕೆ ತಪ್ಪಾಯಿತೆಂದು ಒಪ್ಪಬೇಕಾಗುತ್ತದೆ. ಅಂದು ರೈಟರ ಮುಂದೆ ನಾನು ಕಾಪಾಡಿಕೊಂಡದ್ದು ಕಂಪೆನಿಯ ಮಾನವನ್ನಲ್ಲ, ನನ್ನ ಮಾನವನ್ನು. ಯಾವುದು ಒಳ್ಳೆಯದೆಂದು ಕೇಳಿದವನಿಗೆ ನಾವು ಕೊಡುವ ಉತ್ತರ ಒಂದು ಗವಾಹಿ, ಅಂದರೆ ಸಾಕ್ಷ್ಯ. ವಸ್ತು ಕೆಟ್ಟ ದಿನ ಸಾಕ್ಷಿದಾರನೇ ವಕೀಲನಾಗಿಬಿಟ್ಟರೆ ನಂಬಿ ಬಂದವನು ಎಲ್ಲಿಗೆ ಹೋಗಬೇಕು?

ನಾನು ಅಂದು ಮಾಡಬಹುದಾಗಿದ್ದ ಕೆಲಸ ದೊಡ್ಡದೇನಲ್ಲ. ಬಿಲ್ ಎಲ್ಲಿದೆ ಎಂದು ಕೇಳಬಹುದಿತ್ತು, ಸರ್ವೀಸ್ ಸೆಂಟರಿಗೆ ಜೊತೆಯಲ್ಲಿ ಹೋಗಬಹುದಿತ್ತು, ಒಂದು ದೂರು ಬರೆದುಕೊಡಬಹುದಿತ್ತು. 2020ರ ಜುಲೈಯಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅಪಾಯಕಾರಿ ವಸ್ತುಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಕಾನೂನು ಎಷ್ಟು ಚೆನ್ನಾಗಿದ್ದರೂ ತೋಟದ ರೈಟರೊಬ್ಬರನ್ನು ಅದರ ಬಾಗಿಲವರೆಗೆ ಕರೆದುಕೊಂಡು ಹೋಗಲು ಅಕ್ಷರ ಬಲ್ಲ ಒಬ್ಬ ಸ್ನೇಹಿತ ಬೇಕು.

ಮುಂದಿನ ವರ್ಷ ನಾನು ಕಳಸಕ್ಕೆ ಹೋದಾಗ ಅವರ ಕೈಯಲ್ಲಿ ಬೇರೆ ಕಂಪೆನಿಯ ಫೋನಿತ್ತು. "ಇದನ್ನು ಯಾರನ್ನು ಕೇಳಿ ತಗೊಂಡ್ರಿ?" ಎಂದೆ. "ಯಾರನ್ನೂ ಕೇಳ್ಲಿಲ್ಲ ಸಾಬ್ರೇ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಫೋನನ್ನಷ್ಟೇ ಬದಲಾಯಿಸಿದ್ದಲ್ಲ, ಕೇಳುವ ಮನುಷ್ಯನನ್ನೂ ಬಿಟ್ಟಿದ್ದರು. ಅಂದು ನಾನು ಅವರ ಕ್ಷಮೆ ಕೇಳಿದೆ. ಅವರು ಮಾತು ತಿರುಗಿಸಿ, ಮನೆಯೊಳಗೆ ಕರೆದು ಕಾಫಿ ಕೊಟ್ಟರು.

ಈಗಲೂ ಕೆಲವರು ಯಾವ ಫೋನ್ ಒಳ್ಳೆಯದೆಂದು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಬಿಲ್ ಜೋಪಾನವಾಗಿಡಿ ಎನ್ನುತ್ತೇನೆ. ಕೆಟ್ಟರೆ ಮೊದಲು ನನ್ನ ಹತ್ತಿರ ಬನ್ನಿ, ಒಟ್ಟಿಗೆ ಹೋಗೋಣ ಎಂದೂ ಸೇರಿಸುತ್ತೇನೆ. ಕಳಸದ ರೈಟರು ಮಾತ್ರ ಇನ್ನೂ ಕೇಳಿಲ್ಲ.